ನಾಸ್ತಿಕ ಮಾವನ ಪಂಚಾಂಗ

ನನ್ನ ಸೋದರಮಾವ ದೇವರನ್ನು ನಂಬುವುದಿಲ್ಲ. ಇದರಲ್ಲೇನು ವಿಶೇಷ, ನಮ್ಮ ಪಕ್ಕದ ಮನೆಯವರೂ ನಂಬುವುದಿಲ್ಲ ಎನ್ನಬೇಡಿ. ನಂಬದೆ ಸುಮ್ಮನಿರುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಆದರೆ ಇಷ್ಟು ನೇಮನಿಷ್ಠೆಯಿಂದ, ಇಷ್ಟು ಮಡಿಯಿಂದ, ಅದೂ ಪಂಚಾಂಗ ನೋಡಿಕೊಂಡು ದೇವರನ್ನು ನಂಬದವರು ಇಡೀ ಚೆನ್ನೈಯಲ್ಲಿ ಇನ್ನೊಬ್ಬರಿಲ್ಲ. ಬೇಕಾದರೆ ಯಾವ ದೇವರ ಮುಂದೆ ಬೇಕಾದರೂ ದೀಪ ಹಚ್ಚಿ ಪ್ರಮಾಣ ಮಾಡುತ್ತೇನೆ!

ಮಾವನ ಬೆಳಗ್ಗೆಯನ್ನೇ ನೋಡಿ. ಐದೂವರೆಗೆ ಏಳುತ್ತಾರೆ. ತಣ್ಣೀರಿನಲ್ಲಿ ಸ್ನಾನ. ಒಗೆದು ಒಣಗಿಸಿದ ಬಿಳಿ ಪಂಚೆ. ಆಮೇಲೆ ಜಗಲಿಯ ಕುರ್ಚಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತು (ಬೆಳಕಿಗಾಗಿ, ಬೇರೇನಕ್ಕೂ ಅಲ್ಲ) ಪಕ್ಷದ ತಮಿಳು ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದುತ್ತಾರೆ. ಓದಿ ಮುಗಿಯುವ ತನಕ ಕಾಫಿ ಇಲ್ಲ. ಯಾರೂ ಮಾತಾಡಿಸುವಂತಿಲ್ಲ, ಮುಟ್ಟುವಂತಿಲ್ಲ. ಒಮ್ಮೆ ನನ್ನ ಅಮ್ಮ, ಅಂದರೆ ಮಾವನ ಅಕ್ಕ, ನಡುವೆ ಹೋಗಿ ಗ್ಯಾಸಿನ ವಿಷಯ ಕೇಳಿದ್ದಕ್ಕೆ ಅವರು ಮೊದಲ ಸಾಲಿನಿಂದ ಪುನಃ ಶುರು ಮಾಡಿದರು. ಅಮ್ಮ ಹೇಳುವುದು ಇಷ್ಟೇ: "ಅಪ್ಪ ಸಂಧ್ಯಾವಂದನೆಗೆ ಕೂತಾಗ್ಲೂ ನಂಗೆ ಇಷ್ಟು ಹೆದರಿಕೆ ಆಗ್ತಿರ್ಲಿಲ್ಲ."

ಇನ್ನು ಪಂಚಾಂಗದ ವಿಷಯ. ತಮಿಳುನಾಡಿನ ಮನೆಮನೆಯಲ್ಲೂ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರುತ್ತದೆ. ಅದರಲ್ಲಿ ಒಳ್ಳೆಯ ಸಮಯ, ಕೆಟ್ಟ ಸಮಯ ಎಲ್ಲವನ್ನೂ ಅಚ್ಚು ಹಾಕಿರುತ್ತಾರೆ. ನಂಬುವವರು ರಾಹುಕಾಲವನ್ನು ನೋಡಿ ತಪ್ಪಿಸಿಕೊಂಡು ಹೊರಡುತ್ತಾರೆ. ಮಾವ ರಾಹುಕಾಲವನ್ನು ನೋಡಿ ಅದರಲ್ಲೇ ಹೊರಡುತ್ತಾರೆ. ಮೂಢನಂಬಿಕೆಯ ಮೂಗು ಮುರಿಯಬೇಕಲ್ಲ! ತೊಂದರೆ ಏನೆಂದರೆ, ಕೆಲವು ದಿನ ಮಾವ ಬೇಗ ತಯಾರಾಗಿಬಿಡುತ್ತಾರೆ. ಆಗ ಶರ್ಟು ಹಾಕಿ, ಬ್ಯಾಗು ಹಿಡಿದು, ಚಪ್ಪಲಿ ಮೆಟ್ಟಿ ಜಗಲಿಯಲ್ಲಿ ಕೂತು ರಾಹುಕಾಲ ಬರಲಿ ಎಂದು ಕಾಯುತ್ತಾರೆ.

"ಹೊರಡಿ ಮಾರಾಯ್ರೆ, ಹೊತ್ತಾಯ್ತು" ಎಂದು ಅತ್ತೆ ಒಳಗಿನಿಂದ ಹೇಳುತ್ತಾರೆ.

"ಇನ್ನೂ ಹನ್ನೆರಡು ನಿಮಿಷ ಉಂಟು."

"ಈ ಮನೆಯಲ್ಲಿ ರಾಹುಕಾಲ ನೋಡುವುದು ನೀವೊಬ್ಬರೇ. ನಾನು ಕ್ಯಾಲೆಂಡರ್ ನೋಡುವುದು ಹಾಲಿನವನು ಎಷ್ಟು ದಿನ ಬರ್ಲಿಲ್ಲ ಅಂತ ತಿಳೀಲಿಕ್ಕೆ ಮಾತ್ರ."

ಈ ಕಾಯುವಿಕೆಯ ಹಿಂಸೆಯನ್ನು ನಾನೂ ಅನುಭವಿಸಿದವಳು. ಕ್ರೋಂಪೇಟೆಯ ಎಂಜಿನಿಯರಿಂಗ್ ಕಾಲೇಜಿಗೆ ನನ್ನನ್ನು ಸೇರಿಸುವ ದಿನ ಅಪ್ಪ ಊರಲ್ಲಿರಲಿಲ್ಲ, ಮಾವ ಕರೆದುಕೊಂಡು ಹೋದರು. ಎಲೆಕ್ಟ್ರಿಕ್ ರೈಲಿನಲ್ಲಿ ಒಂಬತ್ತಕ್ಕೆಲ್ಲ ತಲುಪಿದ್ದೆವು. ಗೇಟಿನಲ್ಲಿ ನರಪಿಳ್ಳೆ ಇರಲಿಲ್ಲ. ಆದರೆ ಅಂದು ಶುಕ್ರವಾರ, ರಾಹುಕಾಲ ಶುರುವಾಗುವುದು ಹತ್ತೂವರೆಗೆ. ಅಲ್ಲಿಯವರೆಗೆ ನನ್ನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಹತ್ತೂ ಮೂವತ್ತೈದಕ್ಕೆ ನಾವು ಒಳಗೆ ಹೋಗುವಾಗ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಒಳ್ಳೆಯ ಸಮಯ ನೋಡಿ ಬಂದವರೆಲ್ಲ ನಮ್ಮ ಮುಂದೆ! ಸಂಜೆ ನಾಲ್ಕಕ್ಕೆ ಸೀಟು ಸಿಕ್ಕಿತು. ಮಾವನ ಮುಖದಲ್ಲಿ ಗೆದ್ದ ಕಳೆ. "ನೋಡಿದ್ಯಾ? ರಾಹುಕಾಲದಲ್ಲಿ ಬಂದ್ರೂ ಸೀಟು ಸಿಕ್ತು." ಹಸಿವಿನಿಂದ ನನ್ನ ಕಣ್ಣಿಗೆ ಕತ್ತಲೆ ಬರುತ್ತಿತ್ತು, ವಾದ ಮಾಡುವ ಶಕ್ತಿ ಇರಲಿಲ್ಲ. ನಾನಾದರೋ ಪರೀಕ್ಷೆಯ ದಿನ ಮಾತ್ರ ಆಸ್ತಿಕಳು. ಉಳಿದ ದಿನ ಯಾರು ಊಟ ಹಾಕುತ್ತಾರೋ ಅವರ ಪಕ್ಷ.

ಇಂಥ ಮಾವ ಹುಟ್ಟಿದ್ದು ಎಂಥ ಮನೆಯಲ್ಲಿ ಗೊತ್ತೇ? ಅಜ್ಜ ಉಡುಪಿಯ ಕಡೆಯಿಂದ ಬಂದು ಚೆನ್ನೈಯ ವಡಪಳನಿಯಲ್ಲಿ ಸಸ್ಯಾಹಾರಿ ಹೋಟೆಲು ಇಟ್ಟವರು. ಸಿನಿಮಾ ಸ್ಟುಡಿಯೋದ ಲೈಟಿನವರು, ಬಣ್ಣ ಹಚ್ಚುವವರು, ರಾಜನ ವೇಷ ಕಳಚದೇ ಬಂದು ಇಡ್ಲಿ ತಿನ್ನುವವರು ಎಲ್ಲ ನಮ್ಮ ಗಿರಾಕಿಗಳು. ಬೆಳಗಿನ ಮೊದಲ ದೋಸೆ ಗಲ್ಲಾದ ಮೇಲಿದ್ದ ಕೃಷ್ಣನ ಪಟಕ್ಕೆ. ಕಾಲೇಜಿಗೆ ಹೋಗುತ್ತಿದ್ದ ಮಾವ ಒಂದು ಸಂಜೆ ಬೀದಿಮೂಲೆಯ ಭಾಷಣವೊಂದನ್ನು ಕೇಳಿ ಬಂದವರು, ಮರುದಿನ ಅಜ್ಜನನ್ನು ತಡೆದು ನಿಲ್ಲಿಸಿದರಂತೆ. "ಆ ದೋಸೆ ಅವನು ತಿನ್ನುವುದಿಲ್ಲ ಅಪ್ಪ. ಆಮೇಲೆ ಅಡುಗೆ ಭಟ್ರು ತಿಂತಾರೆ." ಅಜ್ಜ ತಲೆ ಎತ್ತದೆ ಹೇಳಿದರಂತೆ, "ಗೊತ್ತುಂಟು. ಭಟ್ರಿಗೆ ಮತ್ತೆ ಯಾರು ಮೊದಲು ಕೊಡ್ತಾರೆ?" ಆದರೂ ಅವರು ಪಕ್ಷ ಸೇರಿದರು. ದೇವರಿಲ್ಲ, ಪುರೋಹಿತ ಬೇಡ, ಬುದ್ಧಿ ಸಾಕು ಎನ್ನುವ ಪಕ್ಷ. ಹೆಸರು ನಾನು ಹೇಳುವುದಿಲ್ಲ, ಮಾವ ಬೈಯುತ್ತಾರೆ.

ಮದುವೆಯೂ ಪಕ್ಷದ ಪದ್ಧತಿಯಲ್ಲೇ ಆಯಿತು. ಹುಡುಗಿಯ ಅಪ್ಪ ಚೆನ್ನೈಯ ರಾಯಪುರಂನಲ್ಲಿ ಬಂದರಿನ ಕೆಲಸಗಾರರಿಗೆ ಊಟದ ಹೋಟೆಲು ನಡೆಸುತ್ತಿದ್ದ ನಮ್ಮವರೇ. "ಕುಡಿಯುವುದಿಲ್ಲ, ಸೇದುವುದಿಲ್ಲ, ದೇವರು ಒಂದು ಇಲ್ಲ. ಮದುವೆ ಆದ ಮೇಲೆ ಸರಿ ಹೋಗ್ತದೆ" ಎಂದು ಒಪ್ಪಿದರಂತೆ. ನನಗಾಗ ಏಳು ವರ್ಷ, ಹೊಸ ಲಂಗ ಹೊಲಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ. ಹೋಮಕುಂಡ ಇರಬೇಕಾದ ಕಡೆ ಮೈಕು ಇತ್ತು. ಭಟ್ಟರ ಬದಲು ಪಕ್ಷದ ದೊಡ್ಡ ನಾಯಕರೊಬ್ಬರು. ಅವರು ಮಾತಾಡಬೇಕು, ವಧೂವರರು ಹಾರ ಬದಲಾಯಿಸಬೇಕು, ಮದುವೆ ಮುಗಿಯಿತು. ನಾಯಕರು ಮೂಢನಂಬಿಕೆಯಿಂದ ಶುರು ಮಾಡಿ, ದೆಹಲಿಗೆ ಹೋಗಿ, ಅಲ್ಲಿಂದ ಕಾವೇರಿ ನೀರಿಗೆ ಬಂದರು. ಕಾವೇರಿಗೆ ಬಂದದ್ದೇ ತಡ, ನಮ್ಮ ಕಡೆಯ ಕನ್ನಡದವರೆಲ್ಲ ಒಟ್ಟಿಗೆ ನೆಲ ನೋಡಿದರು. ಎರಡು ಗಂಟೆ! ಹಾರ ಹಿಡಿದು ನಿಂತ ಅತ್ತೆಯ ಕೈ ಸೋತು ಹೋಗಿತ್ತು. ಈಗಲೂ ಅತ್ತೆ ಹೇಳುವುದುಂಟು, "ನನ್ನ ಮದುವೆಯಲ್ಲಿ ಕಾವೇರಿಯ ಹೆಸರು ಹತ್ತು ಸಲ ಬಂತು. ನನ್ನ ಹೆಸರು ಒಂದು ಸಲವೂ ಬರ್ಲಿಲ್ಲ."

ತಾಳಿ ಕಟ್ಟುವ ಶಾಸ್ತ್ರವೂ ಇರಲಿಲ್ಲ. ಮರುದಿನ ಬೆಳಗ್ಗೆ ಅತ್ತೆಯ ಅಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಕರಿಮಣಿಯನ್ನು ಕೊಟ್ಟು ಹೋದರು. ಅತ್ತೆ ಕನ್ನಡಿಯ ಮುಂದೆ ನಿಂತು ತಾವೇ ಕೊರಳಿಗೆ ಹಾಕಿಕೊಂಡರು. ಇದನ್ನು ಅವರು ನನಗೆ ಹೇಳಿದ್ದು ನನ್ನ ಮದುವೆಯ ಹಿಂದಿನ ವಾರ. ಹಪ್ಪಳ ಕರಿಯುತ್ತಿದ್ದರು. "ಬಳೆ ಹಾಕಿಕೊಂಡ ಹಾಗೆ ನಾನೇ ಹಾಕ್ಕೊಂಡೆ. ನಿನ್ನ ಮಾವ ಒಳ್ಳೆಯವರೇ, ನಂಗೆ ಯಾವುದಕ್ಕೂ ಕಮ್ಮಿ ಮಾಡ್ಲಿಲ್ಲ. ಆದ್ರೆ ನಾಲ್ಕು ಜನರ ಮುಂದೆ ಅವರ ಕೈಯಲ್ಲಿ ಕಟ್ಟಿಸ್ಕೊಳ್ಬೇಕಿತ್ತು. ಅರವತ್ತಕ್ಕೆ ಕಟ್ಟಿಸ್ಕೊಳ್ತೇನೆ." ಗಂಡನಿಗೆ ಅರವತ್ತು ತುಂಬಿದಾಗ ಷಷ್ಟಿಪೂರ್ತಿ ಮಾಡಿ ಅದೇ ಹೆಂಡತಿಗೆ ಪುನಃ ತಾಳಿ ಕಟ್ಟುವುದು ಇಲ್ಲಿ ಎಲ್ಲರ ಮನೆಯಲ್ಲೂ ಉಂಟು. ಅತ್ತೆ ಅದಕ್ಕಾಗಿ ಮಾವನ ವಯಸ್ಸನ್ನು ಒಂದೊಂದೇ ವರ್ಷ ಎಣಿಸುತ್ತಿದ್ದರು. ಬೇರೆ ಯಾವ ಹೆಂಗಸಾದರೂ ಗಂಡನಿಗೆ ವಯಸ್ಸಾಗಲಿ ಎಂದು ಇಷ್ಟು ಆಸೆಯಿಂದ ಕಾದದ್ದನ್ನು ನಾನು ಕಾಣೆ.

ಈ ಮಧ್ಯೆ ಪಕ್ಷ ಅಧಿಕಾರಕ್ಕೆ ಬಂತು. ಮಾವ ಬರೆಯುವ ತಮಿಳು ಅಚ್ಚ ತಮಿಳರಿಗೇ ಹೊಟ್ಟೆಕಿಚ್ಚು ಬರಿಸುವಂಥದ್ದು. ಹಾಗಾಗಿ ಹೊಸ ಸಚಿವರೊಬ್ಬರು ಅವರನ್ನು ಭಾಷಣ ಬರೆಯಲು ಕರೆದು, ಆಮೇಲೆ ಆಪ್ತ ಸಹಾಯಕನನ್ನಾಗಿಯೇ ಮಾಡಿಕೊಂಡರು. ಮಾವನಿಗೆ ಸ್ವರ್ಗ ಸಿಕ್ಕಿದಷ್ಟು ಖುಷಿ. ಸ್ವರ್ಗ ಇಲ್ಲ ಎನ್ನುವುದು ಬೇರೆ ಮಾತು. ಬುದ್ಧಿವಾದಿಗಳ ಸರ್ಕಾರ, ಬುದ್ಧಿವಾದಿ ಸಚಿವರು, ಇನ್ನೇನು ಬೇಕು?

ಅಧಿಕಾರ ವಹಿಸಿಕೊಳ್ಳುವ ದಿನ ಶುಕ್ರವಾರ. ಹತ್ತೂ ನಲವತ್ತಕ್ಕೆ ಕಾರು ಸಚಿವಾಲಯದ ಹತ್ತಿರ ಬಂತು. ಗೇಟಿಗೆ ತಿರುಗಬೇಕು, ಸಚಿವರು ಡ್ರೈವರನ ಭುಜ ಮುಟ್ಟಿದರು. "ನೇರ ಹೋಗಪ್ಪಾ. ಸ್ವಲ್ಪ ಕಡಲ ಗಾಳಿ ತಗೊಳ್ಳೋಣ." ಕಿಟಕಿ ಮುಚ್ಚಿ, ಎ.ಸಿ. ಹಾಕಿಕೊಂಡು ಕಡಲ ಗಾಳಿ! ಕಾರು ಬೀಚಿನ ರಸ್ತೆಯುದ್ದ ಹೋಯಿತು, ತಿರುಗಿತು, ಪುನಃ ಹೋಯಿತು.

"ಸಾರ್, ಹನ್ನೊಂದಾಯ್ತು. ಪತ್ರಿಕೆಯವರು ಕಾಯ್ತಾ ಇದ್ದಾರೆ" ಎಂದರು ಮಾವ.

"ಟ್ರಾಫಿಕ್ ನೋಡು ತಂಬಿ, ಹೇಗಿದೆ" ಎಂದರು ಸಚಿವರು. ರಸ್ತೆಯಲ್ಲಿ ಮಲಗಿದರೂ ಯಾರೂ ಎಬ್ಬಿಸುವಂತಿರಲಿಲ್ಲ.

ಮೂರನೇ ಸುತ್ತಿನಲ್ಲಿ ಮಾವನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎದುರಿನಿಂದ ಬರುವ ಕಾರುಗಳೆಲ್ಲ ಆಗಲೇ ಒಮ್ಮೆ ನೋಡಿದವು. ಒಂದರಲ್ಲಿ ಒಬ್ಬ ಹೊಸ ಸಚಿವರು, ಇನ್ನೊಂದರಲ್ಲಿ ಇನ್ನೊಬ್ಬರು. ಇಡೀ ಮಂತ್ರಿಮಂಡಲ ಕಡಲ ಗಾಳಿ ತೆಗೆದುಕೊಳ್ಳುತ್ತಿದೆ! ಒಬ್ಬರನ್ನೊಬ್ಬರು ಕಂಡರೂ ಕಾಣದವರ ಹಾಗೆ ಎಲ್ಲರೂ ಸಮುದ್ರದ ಕಡೆ ತಿರುಗಿದರು. ಹನ್ನೆರಡು ಹೊಡೆದು ಐದು ನಿಮಿಷಕ್ಕೆ ಎಲ್ಲ ಕಾರುಗಳೂ ಒಂದೇ ಸಲ ಗೇಟಿಗೆ ನುಗ್ಗಿದವು. ಲಿಫ್ಟಿನ ಮುಂದೆ ನೂಕುನುಗ್ಗಲು. "ಟ್ರಾಫಿಕ್ಕು" ಎಂದರು ಒಬ್ಬರು. "ಭಯಂಕರ ಟ್ರಾಫಿಕ್ಕು" ಎಂದರು ಇನ್ನೊಬ್ಬರು. ಲಿಫ್ಟು ಅಷ್ಟು ಭಾರ ತಡೆಯಲಾರದೆ ಕೂಗಿಕೊಂಡಿತು, ಯಾರೂ ಇಳಿಯಲಿಲ್ಲ. ನಮ್ಮ ಮಾವ ಮೆಟ್ಟಿಲು ಹತ್ತಿ ಹೋದರು. "ಬಾಳಿನಲ್ಲಿ ನಾನು ಹಾಳು ಮಾಡಿಕೊಂಡ ರಾಹುಕಾಲ ಅದೊಂದೇ" ಎಂದು ಈಗಲೂ ಕೊರಗುತ್ತಾರೆ.

ಸಚಿವರು ಕೆಟ್ಟವರಲ್ಲ. ವೇದಿಕೆಯ ಮೇಲೆ ದೇವರಿಲ್ಲ, ಮನೆಯೊಳಗೆ ಇದ್ದಾನೆ, ಅಷ್ಟೇ. ಈ ಎರಡರ ನಡುವಿನ ಓಡಾಟಕ್ಕೆ ಒಬ್ಬ ನಂಬಿಕಸ್ಥ ಬೇಕಿತ್ತು. "ನೀನು ಉಡುಪಿ ಹೋಟೆಲಿನವನಲ್ಲವಾ ತಂಬಿ, ನಿನಗೆ ಎಲ್ಲ ಗೊತ್ತಿರುತ್ತದೆ" ಎಂದುಬಿಟ್ಟರು. ಸಾಂಬಾರು ಗೊತ್ತಿದ್ದವನಿಗೆ ಸಹಸ್ರನಾಮ ಗೊತ್ತಿರಲೇಬೇಕು ಎನ್ನುವುದು ಯಾವ ನ್ಯಾಯ? ಆದರೆ ಮಾವನದು ಕೆಲಸದ ಶಿಸ್ತು. ಸಚಿವರಿಗೆ ಬೇಕಾದರೆ ಹೋಮ ಆಗಬೇಕು, ತನ್ನ ನಂಬಿಕೆ ತನಗೆ. ದೇವಸ್ಥಾನಕ್ಕೆ ಹೋಗುವುದಕ್ಕೆ 'ಸ್ಥಳ ಪರಿಶೀಲನೆ' ಎಂದರು. ಮನೆಯ ಹೋಮಕ್ಕೆ 'ಸಮಾಲೋಚನಾ ಸಭೆ'. ನಾಲ್ಕು ವರ್ಷದಲ್ಲಿ ಮಾವನಿಗೆ ತಿಳಿಯದ ಶಾಂತಿ ಇಲ್ಲ, ಗೊತ್ತಿಲ್ಲದ ಸಮಿತ್ತು ಇಲ್ಲ. ಅವರು ಕನ್ನಡಕ ಏರಿಸಿ ಸಾಮಾನಿನ ಪಟ್ಟಿ ತೆಗೆದರೆ ಪುರೋಹಿತರು ಬೆವರುತ್ತಿದ್ದರು. "ಒಂಬತ್ತು ಧಾನ್ಯ ಅಂದ್ರಿ, ಇಲ್ಲಿ ಎಂಟು ಉಂಟು. ಹುರುಳಿ ಎಲ್ಲಿ?" ನಂಬುವವರಾದರೆ ದೇವರು ಕ್ಷಮಿಸುತ್ತಾನೆ ಎಂದು ಬಿಡುತ್ತಿದ್ದರು. ಮಾವನಿಗೆ ಆ ಸೌಕರ್ಯ ಇರಲಿಲ್ಲ.

ಒಂದು ಸಲ ಮಾತ್ರ ಎಡವಟ್ಟಾಯಿತು. ಸಚಿವರ ಹೆಂಡತಿ, ಎಲ್ಲರೂ ಅಮ್ಮಾ ಎಂದೇ ಕರೆಯುತ್ತಾರೆ, ಗಂಡನ ಹೆಸರಿನಲ್ಲಿ ಅರ್ಚನೆ ಮಾಡಿಸಲು ವಡಪಳನಿಯ ಮುರುಗನ ಗುಡಿಗೆ ಹೋಗಿದ್ದರು. ಅರ್ಚಕರು ತಟ್ಟೆ ಹಿಡಿದು ಹೆಸರೇನು, ನಕ್ಷತ್ರವೇನು ಎಂದು ದೊಡ್ಡ ಗಂಟಲಿನಲ್ಲಿ ಕೇಳಿದರು. ತಿರುಗಿ ನೋಡಿದರೆ ಹಿಂದೆ ಒಬ್ಬ ಪತ್ರಿಕೆಯವನು ಕೈಮುಗಿದು ನಿಂತಿದ್ದಾನೆ! ಅಮ್ಮಾ ಗಾಬರಿಯಲ್ಲಿ ಬಾಯಿಗೆ ಬಂದ ಹೆಸರು ಹೇಳಿದರು. ಬಂದದ್ದು ನಮ್ಮ ಮಾವನ ಹೆಸರು. ಆಮೇಲೆ ಅದೇ ಕ್ಷೇಮ ಎನಿಸಿ ಎಲ್ಲ ಗುಡಿಗಳಲ್ಲೂ ಹಾಗೇ ನಡೆಯಿತು. ತಿರುಚ್ಚಿಯಿಂದ ತಿರುಚೆಂದೂರಿನವರೆಗೆ ಒಬ್ಬ ಕಟ್ಟಾ ನಾಸ್ತಿಕನ ಹೆಸರಿನಲ್ಲಿ ಕುಂಕುಮಾರ್ಚನೆ!

ವರ್ಷ ಕಳೆಯುವಷ್ಟರಲ್ಲಿ ಮಾವನ ಸಕ್ಕರೆ ಕಾಯಿಲೆ ಹತೋಟಿಗೆ ಬಂತು, ಮಂಡಿನೋವು ಹೋಯಿತು. ಸಚಿವರಿಗೆ ದೊಡ್ಡ ಖಾತೆ ಹೋಗಿ ಸಣ್ಣ ಖಾತೆ ಬಂತು. ಸಚಿವರು ಬಾಗಿಲು ಮುಚ್ಚಿ ಮಾವನನ್ನು ಕೂರಿಸಿಕೊಂಡರು. "ತಂಬಿ, ನನಗೆ ಬರಬೇಕಾದದ್ದೆಲ್ಲ ನಿನಗೆ ಬರುತ್ತಿದೆ."

ಹುಚ್ಚು ಮಾತು ಎಂದು ಬೇರೆ ಯಾರಾದರೂ ನಗುತ್ತಿದ್ದರು. ಮಾವ ಯೋಚಿಸಿ ಉತ್ತರ ಕೊಟ್ಟರು. "ಸಾರ್, ನಾನು ಅದನ್ನು ನಂಬುವುದಿಲ್ಲ, ಹಾಗಾಗಿ ತೆಗೆದುಕೊಳ್ಳುವುದೂ ಇಲ್ಲ. ಟಪಾಲು ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ಕಳಿಸಿದವರಿಗೇ ವಾಪಸು ಬರುತ್ತದೆ. ನಿಧಾನಕ್ಕೆ ಬರುತ್ತದೆ, ಕಾಯಿರಿ." ಸಚಿವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಮಧ್ಯಾಹ್ನ ಇಬ್ಬರಿಗೂ ಪಾಯಸ ತರಿಸಿದರು. ಮಾವನ ಸಕ್ಕರೆ ಪುನಃ ಏರಿತು.

ಇಷ್ಟೆಲ್ಲ ನಗುವಿನ ವಿಷಯ. ಕಳೆದ ವರ್ಷ ಸಚಿವರ ಷಷ್ಟಿಪೂರ್ತಿ ಆಯಿತಲ್ಲ, ಅಲ್ಲಿಂದ ನನಗೆ ನಗು ಕಡಿಮೆಯಾಯಿತು.

ಊರಿನವರಿಗೆ ಅದು 'ಕೆರೆ ಪರಿಶೀಲನೆ'. ನಡೆದದ್ದು ನಗರದ ಹೊರಗೆ ನೆಂಟರ ತೋಟದ ಮನೆಯಲ್ಲಿ. ಎಲ್ಲವನ್ನೂ ಮಾಡಿಸಿದ್ದು ಮಾವ. ಕಲಶಗಳು, ಹೋಮ, ಹೂವು, ಅಡುಗೆ, ಒಂದರಲ್ಲೂ ತಪ್ಪಿಲ್ಲ. ಅಮ್ಮಾ ನಮ್ಮ ಅತ್ತೆಯನ್ನೂ ಕರೆಸಿಕೊಂಡಿದ್ದರು, ಸೀರೆ ಉಡಿಸಲು, ರಂಗೋಲಿ ಹಾಕಲು. ಸಚಿವರು ತಾಳಿ ಕಟ್ಟುವಾಗ ಅತ್ತೆ ಅಮ್ಮಾನ ಹಿಂದೆ ನಿಂತು ಅವರ ಜಡೆ ಎತ್ತಿ ಹಿಡಿದುಕೊಂಡಿದ್ದರು.

ಆ ಸಂಜೆ ನಾನು ಮಾವನ ಮನೆಗೆ ಹೋಗಿದ್ದೆ. ಮಾವ ಆ ದಿನದ ಕೆಲಸ ಸಾಂಗವಾಗಿ ಮುಗಿದ ಸಂತೋಷದಲ್ಲಿ ಕಾಲು ಚಾಚಿ ಕೂತಿದ್ದರು. ಅತ್ತೆ ಕಾಫಿ ತಂದು ಕೊಟ್ಟು, ಅಲ್ಲೇ ನಿಂತರು.

"ಎಲ್ಲ ಚೆಂದ ಮಾಡಿಸಿದ್ರಿ. ಯಾವುದೂ ಕಮ್ಮಿ ಇರ್ಲಿಲ್ಲ. ಬರುವ ವರ್ಷ ನಿಮಗೆ ಅರವತ್ತು."

ಮಾವ ಲೋಟ ಕೆಳಗಿಟ್ಟರು. "ಅವರಿಗೆ ನಂಬಿಕೆ ಉಂಟು, ಮಾಡಿಸ್ಕೊಂಡ್ರು. ನಂಗೆ ಇಲ್ಲ ಅಂತ ನಿಂಗೆ ಗೊತ್ತುಂಟು. ನಂಬದೆ ಮಂತ್ರ ಹೇಳಿದ್ರೆ ನಿನ್ನ ಹತ್ತಿರವೇ ಸುಳ್ಳು ಹೇಳಿದ ಹಾಗೆ. ಇಷ್ಟು ವರ್ಷದಲ್ಲಿ ನಿನ್ನ ಹತ್ತಿರ ನಾನು ಒಂದು ಸುಳ್ಳು ಹೇಳಿದವನಲ್ಲ."

ಅತ್ತೆ ಲೋಟ ಎತ್ತಿಕೊಂಡರು. "ಊರಿಗೆಲ್ಲ ಸುಳ್ಳು ಹೇಳುವವರಿಗೆ ಬೆಳಗ್ಗೆಯಿಂದ ಸಂಜೆ ತನಕ ಸಹಾಯ ಮಾಡ್ತೀರಿ. ನಿಜ ಮಾತ್ರ ಎಲ್ಲ ನನಗೇ ತೆಗೆದು ಇಟ್ಟಿದ್ದೀರಾ?"

ಅಷ್ಟು ಹೇಳಿ ಒಳಗೆ ಹೋದರು. ನನಗೆ ಮಾವನ ಮೇಲೆ ಸಿಟ್ಟು ಬಂತು. "ಒಂದು ದಾರ ಕಟ್ಟಿದ್ರೆ ನಿಮ್ಮ ಬುದ್ಧಿವಾದಕ್ಕೆ ಏನಾಗ್ತದೆ ಮಾವ?" ಎಂದು ಕೇಳಿಯೂ ಬಿಟ್ಟೆ. ಅತ್ತೆ ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಬೇಸರ ಏನೆಂದರೆ, ಮಾವ ಹೇಳಿದ್ದೂ ತಪ್ಪಾಗಿರಲಿಲ್ಲ. ಆ ಮನುಷ್ಯ ದಿನವಿಡೀ ಇನ್ನೊಬ್ಬರ ನೆಪಗಳನ್ನು ಹೊಂದಿಸಿ ಬಂದು, ಮನೆಯಲ್ಲಿ ಈ ಒಬ್ಬಳ ಮುಂದೆ ಮಾತ್ರ ನೆಪವಿಲ್ಲದೆ ಕೂರುತ್ತಿದ್ದರು.

ಮುಂದೆ ಎಂಟು ತಿಂಗಳು ಅತ್ತೆ ಆ ವಿಷಯ ಎತ್ತಲಿಲ್ಲ. ಮಾವ ಗೆದ್ದೆ ಎಂದುಕೊಂಡರು. ಒಂದು ದಿನ ಸಚಿವರು ಅವರನ್ನು ಒಳಗೆ ಕರೆದು, ಅರಿಶಿನ ಹಚ್ಚಿದ ಒಂದು ಕಾಗದವನ್ನು ಮುಂದೆ ಹಿಡಿದರು. "ಏನಯ್ಯಾ, ನಿನಗೂ ಅರವತ್ತಾ? ನನಗೆ ಹೇಳಲೇ ಇಲ್ಲ." ಕನ್ನಡ ಒಂದು ಬದಿ, ತಮಿಳು ಒಂದು ಬದಿ, ಆಮಂತ್ರಣ ಪತ್ರಿಕೆ! ವಡಪಳನಿಯ ಒಂದು ಸಣ್ಣ ಕಲ್ಯಾಣ ಮಂಟಪ, ಭಾನುವಾರ ಬೆಳಗ್ಗೆ. ಅತ್ತೆ ಯಾರನ್ನೂ ಕೇಳದೆ ಮಂಟಪ ಗೊತ್ತು ಮಾಡಿ, ಭಟ್ಟರಿಗೆ ಹೇಳಿ, ಪತ್ರಿಕೆ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದರು. ಸಿಗದೆ ಉಳಿದವರು ಮಾವ ಒಬ್ಬರೇ.

ಮನೆಗೆ ಬಂದವರೇ ಅತ್ತೆಯ ಮುಂದೆ ಪತ್ರಿಕೆ ಇಟ್ಟರು. "ಇದು ಎಂಥದು ಮಾರಾಯ್ತಿ?"

"ಓದ್ಲಿಕ್ಕೆ ಬರ್ತದಲ್ಲ? ನಾನು ಆ ದಿನ ಮಣೆಯಲ್ಲಿ ಕೂತ್ಕೊಳ್ತೇನೆ. ಪಕ್ಕದಲ್ಲಿ ಇನ್ನೊಂದು ಮಣೆ ಇರ್ತದೆ. ಬರುವುದು ಬಿಡುವುದು ನಿಮಗೆ ಸೇರಿದ್ದು."

ಮಾವ ಎರಡು ದಿನ ಯೋಚಿಸಿದರು. ಮೂರನೆಯ ದಿನ ಷರತ್ತು ಹೇಳಿದರು. "ಬರ್ತೇನೆ. ಕೂತ್ಕೊಳ್ತೇನೆ. ನೀರು ಸುರಿದ್ರೆ ಸುರಿಸ್ಕೊಳ್ತೇನೆ, ಕಟ್ಟು ಅಂದ್ರೆ ಕಟ್ತೇನೆ. ಆದ್ರೆ ಒಂದು ಮಂತ್ರ ಹೇಳುವುದಿಲ್ಲ. ಬಾಯಿ ತೆರೆಯುವುದಿಲ್ಲ."

"ಬೇಡ" ಎಂದರು ಅತ್ತೆ. "ನೀವು ಒಂದು ಬೆಳಗ್ಗೆ ಬಾಯಿ ಮುಚ್ಚಿ ಕೂತ್ರೆ ಅದೇ ದೊಡ್ಡ ಪುಣ್ಯ."

ಭಾನುವಾರ ಮಂಟಪ ತುಂಬಿ ಹೋಗಿತ್ತು. ಚೆನ್ನೈಯ ಹೋಟೆಲಿನ ನೆಂಟರೆಲ್ಲ ಬಂದಿದ್ದರು. ಅವರ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾ ಕೇಸರಿಬಾತಿಗೆ ಕಾಯುತ್ತಿದ್ದರು. ಎಲ್ಲರೂ ಬಂದದ್ದು ಆಶೀರ್ವಾದ ಪಡೆಯಲು ಎಂದು ನೀವು ತಿಳಿದರೆ ತಪ್ಪು. ನಮ್ಮ ಮಾವ ಮಣೆಯ ಮೇಲೆ ಕೂರುವುದನ್ನು ನೋಡಲು ಬಂದದ್ದು! ಸಚಿವರೂ ಅಮ್ಮಾನ ಜೊತೆ ಬಂದರು. ಪತ್ರಿಕೆಯವರು ಕೇಳಿದರೆ ಕನ್ನಡಿಗರ ಸಾಂಸ್ಕೃತಿಕ ಕಾರ್ಯಕ್ರಮ ಎಂದು ಹೇಳುವುದಾಗಿ ಮಾತಾಗಿತ್ತು.

ಮಾವ ಬಂದು ಕೂತರು. ಕೂತವರೇ ಅಭ್ಯಾಸಬಲದಿಂದ ಸಾಮಾನುಗಳ ಮೇಲೆ ಕಣ್ಣಾಡಿಸಿ, ಕಲಶದ ಒಂದು ಮಾವಿನೆಲೆ ಹರಿದಿದೆ ಎಂದು ಬೆರಳಲ್ಲಿ ತೋರಿಸಿದರು. ಭಟ್ಟರು ಬದಲಾಯಿಸಿದರು. ಆಮೇಲೆ ಸಂಕಲ್ಪ. "ನಾನು ಹೇಳಿದ ಹಾಗೆ ಹೇಳಿ" ಎಂದರು ಭಟ್ಟರು. ಮಾವನ ತುಟಿ ಅಲುಗಲಿಲ್ಲ. ಭಟ್ಟರು ಪುನಃ ಹೇಳಿದರು. ಮಾವ ಎದುರಿನ ಗೋಡೆ ನೋಡಿದರು. ಮೂರನೆಯ ಸಲಕ್ಕೆ ಪಕ್ಕದಿಂದ ಅತ್ತೆಯ ಧ್ವನಿ ಎದ್ದಿತು. ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ಅತ್ತೆ ಸಂಕಲ್ಪ ಹೇಳತೊಡಗಿದರು.

ಭಟ್ಟರು ನಿಲ್ಲಿಸಿದರು. "ಅಮ್ಮ, ಇದು ಯಜಮಾನರು ಹೇಳಬೇಕಾದ್ದು."

"ಯಜಮಾನರ ಬಾಯಿಗೆ ಇವತ್ತು ರಜೆ. ನಾನು ಹೇಳ್ತೇನೆ."

"ಹಾಗೆ ಕ್ರಮ ಇಲ್ಲವಲ್ಲ" ಎಂದು ಭಟ್ಟರು ಕೈಯಲ್ಲಿದ್ದ ಉದ್ಧರಣೆ ಕೆಳಗಿಟ್ಟರು. ಮಂಟಪದಲ್ಲಿ ಗುಸುಗುಸು ಎದ್ದಿತು. ಅತ್ತೆಯ ಮುಖ ಕೆಂಪಾಯಿತು. ಇಷ್ಟು ವರ್ಷ ಕಾದದ್ದು ಇಲ್ಲಿಗೇ ನಿಂತು ಹೋಗುತ್ತದೆಯೋ ಎಂದು ನನಗೆ ಹೆದರಿಕೆಯಾಯಿತು.

ಆಗ ಮುಂದಿನ ಸಾಲಿನಿಂದ ಸಚಿವರು ತಮಿಳಿನಲ್ಲಿ ಹೇಳಿದರು, "ಅವರೇ ಹೇಳಲಿ ಬಿಡಿ ಸಾಮಿ. ನಮ್ಮ ಮನೆಯಲ್ಲೂ ಇಷ್ಟು ವರ್ಷ ನನ್ನ ಪಾಲಿನದನ್ನು ಇವಳೇ ಹೇಳುತ್ತಾ ಬಂದದ್ದು. ಏನೂ ಕೆಟ್ಟದ್ದಾಗಲಿಲ್ಲ." ಹೇಳಿದ ಮೇಲೆ ಅವರಿಗೆ ಸುತ್ತಲೂ ಎತ್ತಿ ಹಿಡಿದ ಮೊಬೈಲುಗಳು ಕಂಡವು. ಬಾಯಿಗೆ ಕೈ ಹೋಯಿತು. ಅಮ್ಮಾ ಮಾತ್ರ ಸೆರಗು ಬಾಯಿಗಿಟ್ಟು ನಕ್ಕೇ ನಕ್ಕರು. ಭಟ್ಟರೂ ನಕ್ಕರು, ಉದ್ಧರಣೆ ಪುನಃ ಕೈಗೆ ಬಂತು.

ಒಂದು ಗಂಟೆ ಅತ್ತೆ ಇಬ್ಬರ ಪಾಲಿನದನ್ನೂ ಹೇಳಿದರು. ಮಾವ ಹೇಳಿದ ಹಾಗೆ ನಡೆದುಕೊಂಡರು. ಕಲಶದ ನೀರು ತಲೆಯ ಮೇಲೆ ಸುರಿದಾಗಲೂ ಚಕಾರ ಇಲ್ಲ. ಒದ್ದೆ ಬಟ್ಟೆ ಬದಲಾಯಿಸಿ ಬಂದು ಪುನಃ ಕೂತರು. ಭಟ್ಟರು ಅರಿಶಿನದ ದಾರದಲ್ಲಿ ಪೋಣಿಸಿದ ತಾಳಿಯನ್ನು ಮಾವನ ಕೈಗೆ ಕೊಟ್ಟರು. ಅತ್ತೆ ತಲೆ ತಗ್ಗಿಸಿದರು. ನಾನು ಹಿಂದೆ ನಿಂತು ಅವರ ಜಡೆ ಎತ್ತಿ ಹಿಡಿದೆ. ಭಟ್ಟರು ಮಂತ್ರ ಹೇಳಿದರು. ಅತ್ತೆ ಅದನ್ನೂ ಹೇಳಲು ಬಾಯಿ ತೆರೆದರು.

"ನಿಲ್ಲು" ಎಂದರು ಮಾವ.

ಬೆಳಗ್ಗೆಯಿಂದ ಅವರ ಬಾಯಿಂದ ಬಂದ ಮೊದಲ ಮಾತು. ಎದ್ದೇ ಹೋಗುತ್ತಾರೆ ಎಂದುಕೊಂಡೆವು ಎಲ್ಲರೂ. ಅತ್ತೆಯ ಕತ್ತಿನ ನರ ಬಿಗಿಯಾದದ್ದು ನನ್ನ ಬೆರಳಿಗೆ ತಿಳಿಯಿತು.

"ಭಟ್ರೆ, ಇದರ ಅರ್ಥ ಎಂಥ?"

"ಅರ್ಥ ಆಮೇಲೆ ಹೇಳ್ತೇನೆ ಸ್ವಾಮಿ, ಮುಹೂರ್ತ ಮೀರ್ತದೆ."

"ಈಗ ಹೇಳಿ. ಬೇರೆಯವರಿಗೆ ಎಷ್ಟೋ ಮಂತ್ರ ಹೇಳಿಸಿದೆ. ಒಂದು ಸಲವೂ ಕೇಳ್ಲಿಲ್ಲ."

ಭಟ್ಟರು ಒಂದು ಕ್ಷಣ ಮಾವನನ್ನು ನೋಡಿ ಹೇಳಿದರು. "ಇದು ನನ್ನ ಬದುಕಿಗೆ ಆಧಾರವಾದ ದಾರ. ಇದನ್ನು ನಿನ್ನ ಕೊರಳಿಗೆ ಕಟ್ಟುತ್ತೇನೆ. ನೀನು ನೂರು ವರ್ಷ ಬಾಳು. ಇಷ್ಟೇ."

"ಇದರಲ್ಲಿ ದೇವರು ಎಲ್ಲಿ?"

ಭಟ್ಟರು ಮಂತ್ರವನ್ನು ಮನಸ್ಸಿನಲ್ಲೇ ಮೊದಲಿನಿಂದ ಹೇಳಿಕೊಂಡು ನೋಡಿದರು. ಅವರಿಗೂ ಅದು ಹೊಸತಾಗಿ ಕಂಡಿರಬೇಕು. "ಇದರಲ್ಲಿ ಇಲ್ಲ" ಎಂದರು. "ಇದು ಗಂಡ ಹೆಂಡತಿಗೆ ಹೇಳುವ ಮಾತು."

"ಹಾಗಾದ್ರೆ ಇದನ್ನು ನಾನು ಹೇಳಬೇಕು."

ಮಾವ ಅತ್ತೆಯ ಕಡೆ ತಿರುಗಿದರು. ಅತ್ತೆಯ ಹೆಸರು ಹಿಡಿದು ಕರೆದರು. ಅಷ್ಟು ಜನರ ಮುಂದೆ, ಮೈಕಿಲ್ಲದೆ, ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಿದರು, "ನಾನು ಬದುಕಿರುವುದು ಇದರಿಂದ. ನಿನ್ನ ಕುತ್ತಿಗೆಗೆ ಕಟ್ತಾ ಇದ್ದೇನೆ. ನೀನು ನೂರು ವರ್ಷ ಇರಬೇಕು." ಸಾವಿರ ಭಾಷಣ ಬರೆದ ಮನುಷ್ಯನ ಅತಿ ಸಣ್ಣ ಭಾಷಣ ಅದು. ಹಾಕಿದ ಗಂಟು ಎರಡು ಸಲ ಜಾರಿತು, ನಾನು ದಾರದ ತುದಿ ಹಿಡಿದುಕೊಳ್ಳಬೇಕಾಯಿತು.

ಬೆಳಗ್ಗೆಯಿಂದ ಇಬ್ಬರ ಮಂತ್ರವನ್ನೂ ಹೇಳಿದ ಅತ್ತೆ ಈಗ ಮಾವನ ಮುಖವನ್ನು ನೋಡಿದರು, ಎರಡೂ ಕೈಯಲ್ಲಿ ತಾಳಿ ಮುಟ್ಟಿಕೊಂಡರು, ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಪಕ್ಕದಲ್ಲಿದ್ದ ನಮಗಷ್ಟೇ ಕೇಳುವ ಹಾಗೆ ಹೇಳಿದರು:

"ನೀವಿಲ್ಲದೆ ಒಬ್ಬಳೇ ನೂರು ವರ್ಷ ಇದ್ದು ನಾನು ಎಂಥ ಮಾಡುವುದು? ನೀವೂ ಇರಿ."